ಟೆನ್ನೆಸ್ಸಿಯ ಆನೆ ಕ್ಯಾಮೆರಾ: ಬರೀ ಹುಲ್ಲುಗಾವಲು ಕಂಡರೂ ಮುಚ್ಚಬೇಡಿ

ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಹೊಹೆನ್‌ವಾಲ್ಡ್ ಅಂತ ಒಂದು ಸಣ್ಣ ಊರು. ಅದರ ಹತ್ತಿರ 'ದಿ ಎಲಿಫೆಂಟ್ ಸ್ಯಾಂಕ್ಚುಯರಿ' ಇದೆ. ಸರ್ಕಸ್ಸು, ಮೃಗಾಲಯಗಳಲ್ಲಿ ಆಯಸ್ಸು ಸವೆಸಿದ ಆನೆಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ, 1995ರಲ್ಲಿ ಶುರುವಾಗಿದ್ದು. ಹೋಗಿ ನೋಡಿ ಬರೋಣ ಅಂದರೆ ಆಗುವುದಿಲ್ಲ, ಆನೆಗಳಿರುವ ಕಡೆ ಸಾರ್ವಜನಿಕರಿಗೆ ಪ್ರವೇಶವೇ ಇಲ್ಲ. ನಮ್ಮಂಥವರಿಗೆ ಇರುವುದು ಅವರ ವೆಬ್‌ಸೈಟಿನ ಎಲಿಕ್ಯಾಮ್. ನೇರ ಪ್ರಸಾರ, ಪೂರ್ತಿ ಉಚಿತ. ನಾನು ಬರೆಯುತ್ತಿರುವುದು ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ತೆರೆದ ತಕ್ಷಣ ಆನೆ ಕಾಣುತ್ತೆ ಅಂತ ಕೂರಬೇಡಿ. ಎಷ್ಟೋ ಸಲ ಕಾಣುವುದು ಹುಲ್ಲು, ಒಂದಷ್ಟು ಮರ, ಬೇಲಿ, ಅಷ್ಟೇ. 3,000 ಎಕರೆಗೂ ಜಾಸ್ತಿ ಜಾಗ ಅದು, ಆನೆ ತನಗೆ ಬೇಕಾದ ಕಡೆ ಹೋಗುತ್ತದೆ, ಕ್ಯಾಮೆರಾ ಮುಂದೆ ಬಾ ಅಂತ ಅದನ್ನು ಯಾರೂ ಕರೆಯುವುದಿಲ್ಲ. ನನಗೆ ಈ ಸೇವೆ ಇಷ್ಟವಾಗಿದ್ದೇ ಇದಕ್ಕೆ. ವರ್ಷಗಟ್ಟಲೆ ದಿನಕ್ಕಿಷ್ಟು ಶೋ ಅಂತ ಜನರ ಮುಂದೆ ನಿಂತ ಪ್ರಾಣಿಗೆ ಈಗ ಯಾರ ಕಣ್ಣಿಗೂ ಬೀಳದೆ ಇರುವ ಹಕ್ಕಾದರೂ ಬೇಡವೇ?

ಶೆರ್ಲಿ ಕಥೆ ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1948ರಲ್ಲಿ ಸುಮಾತ್ರಾದಲ್ಲಿ ಹುಟ್ಟಿದವಳು, ಮರಿಯಿದ್ದಾಗಲೇ ಹಿಡಿದು ಸರ್ಕಸ್ಸಿಗೆ ಮಾರಿದರು. 1963ರಲ್ಲಿ ಸರ್ಕಸ್ ಸಾಗಿಸುತ್ತಿದ್ದ ಹಡಗಿಗೆ ಬೆಂಕಿ ಬಿತ್ತು, ಇವಳ ಕಿವಿಯ ಒಂದು ಭಾಗ ಸುಟ್ಟುಹೋಯಿತು. ಆಮೇಲೆ ಇನ್ನೊಂದು ಆನೆಯ ದಾಳಿಯಲ್ಲಿ ಇವಳ ಹಿಂಗಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ, ಕಾಲು ಸೊಟ್ಟಗೇ ಉಳಿಯಿತು. ಅಲ್ಲಿಂದ ಲೂಸಿಯಾನಾದ ಒಂದು ಮೃಗಾಲಯಕ್ಕೆ ಹೋಗಿ, ಇನ್ನೊಂದು ಆನೆಯ ಮುಖ ನೋಡದೆ 20 ವರ್ಷಕ್ಕೂ ಜಾಸ್ತಿ ಇದ್ದಳು. ಹಿಂಡಿನಲ್ಲಿ ಬದುಕುವ ಪ್ರಾಣಿ ಅದು, ಯೋಚನೆ ಮಾಡಿ. 1999ರಲ್ಲಿ ಟೆನ್ನೆಸ್ಸಿಗೆ ಬಂದಾಗ ಅಲ್ಲಿ ಜೆನ್ನಿ ಅಂತ ಒಬ್ಬಳಿದ್ದಳು, ಹಿಂದೆ ಅದೇ ಸರ್ಕಸ್ಸಿನಲ್ಲಿ ಮರಿಯಾಗಿದ್ದವಳು. ನಡುವೆ ಕಂಬಿಗಳಿದ್ದವು. ಇಬ್ಬರೂ ಸೊಂಡಿಲು ಚಾಚಿ, ಘೀಳಿಟ್ಟು, ಕಂಬಿಗೆ ಮೈ ಒತ್ತಿ ಎಷ್ಟು ಗಲಾಟೆ ಮಾಡಿದರೆಂದರೆ ಕೊನೆಗೆ ಬಾಗಿಲು ತೆಗೆದು ಒಟ್ಟಿಗೆ ಬಿಡಬೇಕಾಯಿತು. 2006ರಲ್ಲಿ ಜೆನ್ನಿ ಸಾಯುವವರೆಗೂ ಇಬ್ಬರೂ ಜೊತೆಯಲ್ಲೇ ಇದ್ದರು. ಶೆರ್ಲಿ 2021ರ ಫೆಬ್ರವರಿಯಲ್ಲಿ ಹೋದಳು, 72 ವರ್ಷ. ಈಗ ಕ್ಯಾಮೆರಾದಲ್ಲಿ ಅವಳಿಲ್ಲ, ಆದರೆ ಅವಳು ಓಡಾಡಿದ ನೆಲ ಇದೇ.

ಬಿಲ್ಲಿ ಅನ್ನುವವಳ ವಿಷಯ ಇನ್ನೊಂದು ಥರ. 2006ರಲ್ಲಿ ಬಂದಾಗ ಮುಂಗಾಲಿಗೆ ಸರಪಳಿಯ ತುಂಡು ಇತ್ತು. ಬಿಚ್ಚಲು ಅವಳು ಬಿಡಲಿಲ್ಲ, ಮನುಷ್ಯರ ಮೇಲೆ ಅಷ್ಟು ಅಪನಂಬಿಕೆ. ಅವರೂ ಬಲವಂತ ಮಾಡಲಿಲ್ಲ. ಕೊನೆಗೆ ಸರಪಳಿ ತೆಗೆದದ್ದು 2011ರಲ್ಲಿ. ಐದು ವರ್ಷ ಕಾದರು! ನನಗೆ ಈ ಜಾಗದ ಮೇಲೆ ಗೌರವ ಬಂದಿದ್ದೇ ಇದನ್ನು ತಿಳಿದ ಮೇಲೆ.

ಆರೈಕೆಯ ಕ್ರಮ ನಮ್ಮವರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮ ದುಬಾರೆ, ಸಕ್ರೆಬೈಲಿನಲ್ಲಿ ಮಾವುತ, ಕಾವಾಡಿ ಆನೆಯ ಮೈಗೇ ಅಂಟಿಕೊಂಡು ಇರುತ್ತಾರೆ, ಉಜ್ಜಿ ಸ್ನಾನ ಮಾಡಿಸುತ್ತಾರೆ. ಅಲ್ಲಿ ಹಾಗಲ್ಲ, ಆನೆಗೂ ಮನುಷ್ಯನಿಗೂ ನಡುವೆ ಯಾವಾಗಲೂ ಕಂಬಿ ಇರುತ್ತದೆ. ಅಂಕುಶ ಇಲ್ಲ. ಪಾದ ನೋಡಬೇಕಿದ್ದರೆ ಆನೆ ತಾನಾಗಿ ಬಂದು ಕಾಲು ಎತ್ತಿ ಕಂಬಿಯ ಕಿಂಡಿಗೆ ಇಡಬೇಕು, ಇಟ್ಟರೆ ಹಣ್ಣು, ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಈ ಪಾದದ ಕೆಲಸ ಸಣ್ಣದಲ್ಲ. ಸರಪಳಿಯಲ್ಲಿ, ಸಿಮೆಂಟ್ ನೆಲದ ಮೇಲೆ ವರ್ಷಾನುಗಟ್ಟಲೆ ನಿಂತ ಆನೆಗಳಿಗೆ ಉಗುರು ಸೀಳುತ್ತದೆ, ಪಾದ ಕೀವಾಗುತ್ತದೆ, ಕೀಲು ಸವೆಯುತ್ತದೆ. ಶೋ ನಿಂತರೂ ಆ ನೋವು ನಿಲ್ಲುವುದಿಲ್ಲ. ಇನ್ನು ಕ್ಷಯರೋಗ ಬೇರೆ, ಅದು ಆನೆಯಿಂದ ಮನುಷ್ಯರಿಗೂ ಬರುತ್ತದೆ. ಅಂದಹಾಗೆ 2006ರಲ್ಲಿ ಅಲ್ಲಿ ಆನೆ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಆನೆಯ ದಾಳಿಯಲ್ಲೇ ತೀರಿಕೊಂಡರು. ಕಂಬಿ ಯಾಕೆ ಅಂತ ಯಾರಾದರೂ ಕೇಳಿದರೆ ಇದನ್ನೂ ಹೇಳಬೇಕಾಗುತ್ತದೆ.

2017ರ ನವೆಂಬರ್‌ನಲ್ಲಿ ನೋಸಿ ಅನ್ನುವ ಆಫ್ರಿಕನ್ ಆನೆ ಬಂತು. ಜಾತ್ರೆ, ಸರ್ಕಸ್ಸುಗಳಲ್ಲಿ ಜನರನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದವಳನ್ನು ಅಲಬಾಮಾದ ಅಧಿಕಾರಿಗಳು ವಶಕ್ಕೆ ಪಡೆದು ಇಲ್ಲಿಗೆ ಕಳಿಸಿದರು. ನಮ್ಮಲ್ಲೂ ಸರ್ಕಸ್ ಆನೆ ಹಳೇ ಕಾಲದ ಮಾತೇನಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನ ನಿಲ್ಲಿಸಿತು, ಆ ಪಟ್ಟಿಯಲ್ಲಿ ಆನೆ ಇರಲಿಲ್ಲ. ಸ್ಟೂಲ್ ಮೇಲೆ ಕೂತ ಆನೆ ನೋಡಿ ಚಪ್ಪಾಳೆ ತಟ್ಟಿದ ನೆನಪು ನಮ್ಮಲ್ಲಿ ಎಷ್ಟೋ ಜನಕ್ಕಿದೆ ಅಲ್ವಾ. ಮಕ್ಕಳಿಗೆ ಆನೆ ತೋರಿಸಬೇಕು ಅಂದರೆ ನಾನು ಈ ಕ್ಯಾಮೆರಾವನ್ನೇ ತೋರಿಸುತ್ತೇನೆ. ಸುಮ್ನೆ ಮಣ್ಣು ಎರಚಿಕೊಂಡು ನಿಂತ ಆನೆ, ಮರದ ಬುಡಕ್ಕೆ ಮೈ ಉಜ್ಜುವ ಆನೆ. ಅಷ್ಟು ಸಾಕು.

ಸಮಯದ ಬಗ್ಗೆ ಒಂದು ಮಾತು. ಅಲ್ಲಿನ ಹಗಲಲ್ಲಿ ಮಾತ್ರ ನೋಡಲು ಸಿಗುತ್ತದೆ. ಅವರ ಬೆಳಿಗ್ಗೆ 8 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಊಟದ ಹೊತ್ತಿಗೆ ಸರಿಹೋಗುತ್ತದೆ. ಜನವರಿಯಲ್ಲಿ ಚಳಿ ಜಾಸ್ತಿ, ಆನೆಗಳು ಬೆಚ್ಚಗಿನ ಕೊಟ್ಟಿಗೆಯಲ್ಲೇ ಉಳಿಯುವುದುಂಟು. ಹಾಗಾಗಿ ಮೊದಲ ಸಲ ನೋಡುವವರು ಮೇ ಅಥವಾ ಸೆಪ್ಟೆಂಬರ್‌ನಲ್ಲಿ ನೋಡಿ. ಒಂದು ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೆ ಇನ್ನೊಂದಕ್ಕೆ ಹೋಗಿ, ಬೇರೆ ಬೇರೆ ಕಡೆ ಇಟ್ಟಿದ್ದಾರೆ.