ಘಾಟಿ ದಾರಿಗೆ ಯಾವ ಟೂಲ್? ಮಲೆನಾಡಿನ ಸೈಕಲ್ ಸವಾರರಿಗೆ ಒಂದು ವಿಮರ್ಶೆ

ಸೈಕಲ್ ಟೂಲ್ ಕಿಟ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ದುಡ್ಡು ಹಾಕುವುದು ಹಲವು ಕೀಗಳು ಒಂದರಲ್ಲೇ ಮಡಚಿರುವ ಮಲ್ಟಿಟೂಲ್‌ಗೆ. ಪಂಪ್ ಕೊಳ್ಳುವ ಹೊತ್ತಿಗೆ ಜೇಬು ಬರಿದಾಗಿ, ಅಗ್ಗಕ್ಕೆ ಸಿಕ್ಕಿದ್ದು ಒಂದು ಚೀಲ ಸೇರುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಹುಲಿಕಲ್ ಕಡೆಗೆ ಸೈಕಲ್ ಹೊಡೆಯುವವರಿಗೆ ಈ ಲೆಕ್ಕ ಪೂರ್ತಿ ತಲೆಕೆಳಗು. ಈ ರಸ್ತೆಗಳಲ್ಲಿ ಸವಾರನನ್ನು ನಿಲ್ಲಿಸುವುದು ಬಹುಪಾಲು ಗಾಳಿಯ ಸಮಸ್ಯೆ. ಬಿದಿರ ಮುಳ್ಳು, ಲಾರಿ ಟೈರ್ ಒಡೆದು ಉದುರಿದ ತಂತಿ ಎಳೆ, ಮಳೆಗೆ ಕಿತ್ತುಹೋದ ಟಾರಿನ ಚೂಪು ಜಲ್ಲಿ, ಈ ಮೂರೇ ಸಾಕು. ಮಂಡಗದ್ದೆ ದಾಟಿದ ಮೇಲೆ ಪಂಕ್ಚರ್ ಅಂಗಡಿ ಅಲ್ಲೊಂದು ಇಲ್ಲೊಂದು, ಕಾಡಿನ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆದ್ದರಿಂದ ನಮ್ಮ ತೀರ್ಪು ಹೀಗಿದೆ: ದುಡ್ಡು ಪಂಪ್‌ಗೆ ಮತ್ತು ಟ್ಯೂಬ್‌ಗೆ, ಉಳಿದದ್ದು ಉಳಿದದ್ದಕ್ಕೆ.

ಪಂಪ್‌ನಲ್ಲಿ ಮೊದಲು ನೋಡಬೇಕಾದ್ದು ಬಗ್ಗುವ ಪೈಪ್. ಪಂಪ್‌ನ ಬಾಯಿ ನೇರವಾಗಿ ವಾಲ್ ಮೇಲೆ ಕೂರುವ ಮಾದರಿಯಲ್ಲಿ ಪ್ರತಿ ಒತ್ತಿಗೂ ವಾಲ್ ಅಲುಗುತ್ತದೆ. ಸಪೂರವಾದ ಪ್ರೆಸ್ಟಾ ವಾಲ್‌ನ ಒಳಗಿನ ಕಡ್ಡಿ ತೆಳುವಾದದ್ದು, ಬಾಗಿದರೆ ಅಲ್ಲಿಗೆ ಮುಗಿಯಿತು. ಸ್ಕೂಟರ್, ಕಾರಿನಲ್ಲಿರುವಂಥ ಶ್ರೇಡರ್ ವಾಲ್‌ನ ಕಡ್ಡಿ ಗಟ್ಟಿ, ಆದರೆ ಟ್ಯೂಬ್‌ಗೆ ಅದು ಅಂಟಿದ ಬುಡ ಹರಿಯುತ್ತದೆ, ಆ ಜಾಗಕ್ಕೆ ಪ್ಯಾಚ್ ಹಾಕಲಾಗುವುದಿಲ್ಲ. ನಡುವೆ ಒಂದು ಗೇಣು ಪೈಪ್ ಇದ್ದರೆ ಈ ಎರಡೂ ತೊಂದರೆ ಇಲ್ಲ. ಟೊಪೀಕ್ ಕಂಪನಿಯ ರೋಡ್ ಮಾರ್ಫ್, ಮೌಂಟೇನ್ ಮಾರ್ಫ್ ಪಂಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಪೈಪ್ ಜೊತೆಗೆ ಕಾಲಲ್ಲಿ ಒತ್ತಿ ಹಿಡಿಯಲು ಮಡಚುವ ಪಟ್ಟಿ, ಅಡ್ಡ ತಿರುಗಿ ಕೈಗೆ ಕೂರುವ ಹಿಡಿ. ಮೈಭಾರ ಹಾಕಿ ನೆಲದ ಪಂಪ್ ಹಾಗೆಯೇ ಹೊಡೆಯಬಹುದು. ಉದ್ದ ಒಂದಡಿಗಿಂತ ಹೆಚ್ಚು, ಹಾಗಾಗಿ ಸೀಟಿನ ಚೀಲದಲ್ಲಿ ಹಿಡಿಯುವುದಿಲ್ಲ, ಫ್ರೇಮ್‌ಗೆ ಕ್ಲಿಪ್ ಹಾಕಿ ಕಟ್ಟಬೇಕು. ಆದರೂ ನಮ್ಮ ಮೊದಲ ಆಯ್ಕೆ ಇದೇ ಜಾತಿ.

ಎರಡನೆಯದು ಪಂಪ್‌ನ ಮೈಯಾದ ಕೊಳವೆಯ ದಪ್ಪ. ಸಪೂರ ಕೊಳವೆ ಕಡಿಮೆ ಗಾಳಿಯನ್ನು ಹೆಚ್ಚು ಒತ್ತಡಕ್ಕೆ ತಳ್ಳುತ್ತದೆ. ರೋಡ್ ಬೈಕಿನ ಸಪೂರ 700x28 (28 ಎಂಎಂ ಅಗಲದ) ಟೈರ್‌ಗೆ 75-80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕೆನ್ನುವವರಿಗೆ ಅದು ಸರಿ. ದಪ್ಪ ಕೊಳವೆ ಒಂದೊಂದು ಒತ್ತಿಗೆ ಹೆಚ್ಚು ಗಾಳಿ ಕೊಡುತ್ತದೆ, ಆದರೆ 50 ದಾಟಿದ ಮೇಲೆ ಕೈ ಸೋಲುತ್ತದೆ. 2.1 ಇಂಚಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಟೈರ್‌ಗೆ 30-35 ಪಿಎಸ್‌ಐ ಸಾಕು, ಅದಕ್ಕೆ ದಪ್ಪ ಕೊಳವೆಯೇ ಬೇಕು. ತಪ್ಪು ಜೋಡಿ ಕೊಂಡರೆ ಎಂಟಿಬಿಯವನು ನೂರಾರು ಸಲ ಹೊಡೆಯುತ್ತ ನಿಲ್ಲಬೇಕು, ರೋಡ್ ಬೈಕಿನವನು ಅರೆಗಾಳಿಯಲ್ಲಿ ಹೊರಟು ಮುಂದಿನ ಗುಂಡಿಯಲ್ಲಿ ಮತ್ತೆ ಪಂಕ್ಚರ್ ಮಾಡಿಕೊಳ್ಳಬೇಕು. ವಾಲ್‌ಗೆ ತಿರುಪಿ ಕೂರಿಸುವ ಬಾಯಿಯ ಪಂಪ್‌ನಲ್ಲಿ ಇನ್ನೊಂದು ತಾಪತ್ರಯವಿದೆ: ತಿರುಪು ಬಿಚ್ಚುವಾಗ ಪ್ರೆಸ್ಟಾ ವಾಲ್‌ನ ಕೋರ್ (ಒಳಗಿನ ಬಿಚ್ಚಬಹುದಾದ ಭಾಗ) ಕೂಡ ಜೊತೆಗೇ ಕಳಚಿ ಬಂದು, ಹಾಕಿದ ಗಾಳಿಯೆಲ್ಲ ಹೋಗುತ್ತದೆ. ಮನೆಯಲ್ಲೇ ಚಿಕ್ಕ ಇಕ್ಕಳದಿಂದ ಕೋರ್ ಬಿಗಿ ಮಾಡಿ ಹೊರಡಿ.

ಸಿಓ2 ಕಾರ್ಟ್ರಿಡ್ಜ್ (ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್) ನಮಗೆ ಒಪ್ಪಿಗೆಯಿಲ್ಲ. 16 ಗ್ರಾಂನದ್ದು ರೋಡ್ ಬೈಕಿನ ಸಪೂರ ಟೈರ್‌ಗೆ ಒಂದೇ ಉಸಿರಿನಲ್ಲಿ ಗಾಳಿ ತುಂಬುತ್ತದೆ, 29 ಇಂಚಿನ ಅಗಲ ಟೈರ್‌ಗೆ ಅರೆಹೊಟ್ಟೆ. ಒಂದಕ್ಕೆ ಒಂದೇ ಅವಕಾಶ; ಮುಳ್ಳು ಟೈರ್‌ನಲ್ಲೇ ಉಳಿದಿದ್ದರೆ ಅದೂ ವ್ಯರ್ಥ. ಈ ಅನಿಲ ಟ್ಯೂಬ್‌ನ ರಬ್ಬರ್ ಮೂಲಕ ಬೇಗ ಸೋರುವುದರಿಂದ ಮರುದಿನ ಮತ್ತೆ ಗಾಳಿ ಹೊಡೆಯಬೇಕು. ಈಚೆಗೆ ಬಂದಿರುವ ಬ್ಯಾಟರಿ ಪಂಪ್‌ಗಳು ಊರೊಳಗಿನ ಓಡಾಟಕ್ಕೆ ಚೆನ್ನಾಗಿವೆ, ಆದರೆ ಮಳೆಯಲ್ಲಿ ಚಾರ್ಜಿಂಗ್ ಬಾಯಿಗೆ ನೀರು ಹೋಗುತ್ತದೆ, ದೀರ್ಘಕಾಲ ಚೀಲದಲ್ಲಿ ಬಿಟ್ಟರೆ ಬ್ಯಾಟರಿ ಇಳಿದಿರುತ್ತದೆ. ಅದೊಂದನ್ನೇ ನಂಬಿ ಆಗುಂಬೆ ಇಳಿಯಬೇಡಿ.

ಇಡೀ ಕಿಟ್‌ನಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಮರೆಯುವ ವಸ್ತು ಹಿತ್ತಾಳೆಯ ವಾಲ್ ಅಡಾಪ್ಟರ್. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಾಯಿ ಸ್ಕೂಟರ್, ಕಾರಿನ ಶ್ರೇಡರ್ ವಾಲ್‌ಗೆ ಮಾತ್ರ ಕೂರುತ್ತದೆ. ಪ್ರೆಸ್ಟಾ ವಾಲ್ ಇರುವವರ ಬಳಿ ಈ ಅಡಾಪ್ಟರ್ ಇಲ್ಲದಿದ್ದರೆ ಅಂಗಡಿಯ ಎದುರೇ ನಿಂತರೂ ಗಾಳಿ ಸಿಗದು. ಒಂದನ್ನು ವಾಲ್‌ಗೇ ತಿರುಪಿ ಇಟ್ಟುಬಿಡಿ. ಕಂಪ್ರೆಸರ್‌ನಲ್ಲಿ ಹೊಡೆಸುವಾಗ ಎರಡು ಮೂರು ಕಂತಿನಲ್ಲಿ ಹೊಡೆಯಲು ಹೇಳಿ, ಸೈಕಲ್ ಟ್ಯೂಬ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ. ಟ್ಯೂಬ್ ಕೊಳ್ಳುವಾಗಲೂ ರಿಮ್‌ನ ತೂತು ನೋಡಿಕೊಳ್ಳಿ: ಪ್ರೆಸ್ಟಾಗೆ 6.5 ಎಂಎಂ, ಶ್ರೇಡರ್‌ಗೆ 8.5 ಎಂಎಂ. ಸಣ್ಣ ತೂತಿಗೆ ಶ್ರೇಡರ್ ಹೋಗದು.

ಪ್ಯಾಚ್ ಕಿಟ್ ಇದ್ದರೆ ಟ್ಯೂಬ್ ಯಾಕೆ ಎಂದು ಕೇಳುವವರಿದ್ದಾರೆ. ಮಳೆಗಾಲವೇ ಅದಕ್ಕೆ ಉತ್ತರ. ರಬ್ಬರ್ ಸೊಲ್ಯೂಷನ್ ಅಂಟಬೇಕಾದರೆ ಟ್ಯೂಬ್ ಒಣಗಿರಬೇಕು. ಪ್ಯಾಚ್‌ಗಿಂತ ಅಗಲವಾಗಿ ಉಪ್ಪುಕಾಗದದಲ್ಲಿ ಉಜ್ಜಬೇಕು, ತೆಳ್ಳಗೆ ಸವರಬೇಕು, ಹೊಳಪು ಹೋಗಿ ಬೆರಳಿಗೆ ಅಂಟದಷ್ಟು ಆರುವವರೆಗೆ ಐದು ನಿಮಿಷವಾದರೂ ಕಾಯಬೇಕು. ಜುಲೈ ತಿಂಗಳ ತೇವದಲ್ಲಿ ಅದು ಇನ್ನೂ ನಿಧಾನ. ಹಸಿಯಿರುವಾಗಲೇ ಪ್ಯಾಚ್ ಒತ್ತುವುದೇ ಅದು ಕಿತ್ತುಬರಲು ಮುಖ್ಯ ಕಾರಣ. ಹಾಗಾಗಿ ಹೊಸ ಟ್ಯೂಬ್ ಎರಡು ಇರಲಿ: ದಾರಿಯಲ್ಲಿ ಬದಲಿಸಿ, ಹಳೆಯದಕ್ಕೆ ಮನೆಯಲ್ಲಿ ಪ್ಯಾಚ್. ಸೊಲ್ಯೂಷನ್ ಟ್ಯೂಬ್ ಒಮ್ಮೆ ತೆರೆದರೆ ಕೆಲವೇ ತಿಂಗಳಲ್ಲಿ ಒಳಗೇ ಒಣಗುತ್ತದೆ, ಚೀಲದಲ್ಲಿ ತೆರೆಯದ್ದನ್ನೇ ಇಡಿ. ಅಂಟು ಹಚ್ಚಬೇಕಿಲ್ಲದ ಪ್ಯಾಚ್‌ಗಳಲ್ಲಿ ಪಾರ್ಕ್ ಟೂಲ್‌ನ ಜಿಪಿ-2 ಒಳ್ಳೆಯದು. ಆರು ಪ್ಯಾಚ್, ಒಂದು ಚೂರು ಉಪ್ಪುಕಾಗದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಆದರೆ ಅದು ಮನೆ ಮುಟ್ಟಿಸುವ ಪ್ಯಾಚ್, ವರ್ಷಗಟ್ಟಲೆ ಬಾಳುವುದಲ್ಲ. ಈ ಪ್ಯಾಚ್ ಹಾಕಿದ ಟ್ಯೂಬ್‌ಗೆ ಗಾಳಿ ತುಂಬಿ ಹಿಗ್ಗಿಸಿ ಪರೀಕ್ಷಿಸಬೇಡಿ, ಟೈರ್ ಒಳಗೆ ಹಾಕಿದ ಮೇಲೆಯೇ ಗಾಳಿ ಹೊಡೆಯಿರಿ.

ಟ್ಯೂಬ್ ಬದಲಿಸುವ ಮೊದಲು ಕಾರಣ ಹುಡುಕದವರು ಎರಡು ಫರ್ಲಾಂಗ್ ಹೋಗಿ ಮತ್ತೆ ನಿಲ್ಲುತ್ತಾರೆ. ಟೈರ್ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್ ನೇರಕ್ಕೆ ಬರುವಂತೆ ಹಾಕಿದ್ದರೆ, ಟ್ಯೂಬ್‌ನ ತೂತನ್ನು ವಾಲ್‌ನಿಂದ ಅಳೆದು ಟೈರ್‌ನಲ್ಲಿ ಅದೇ ಜಾಗ ನೋಡಬಹುದು. ಒಳಮೈಗೆ ಹತ್ತಿಯ ತುಂಡು ಸವರಿ. ತಂತಿ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಬೆರಳು ಸೀಳುವುದಿಲ್ಲ. ಅಕ್ಕಪಕ್ಕ ಎರಡು ಸೀಳು ಇದ್ದರೆ ಮುಳ್ಳಲ್ಲ, ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ರಿಮ್ ಕಚ್ಚಿದ್ದು. ತೂತು ಒಳಬದಿಗಿದ್ದರೆ ರಿಮ್ ಒಳಗಿನ ಟೇಪ್ ಸರಿದು ಸ್ಪೋಕ್ ಕಡ್ಡಿಯ ತುದಿ ಚುಚ್ಚಿದೆ. ಟೈರ್‌ನ ಪಕ್ಕ ಹರಿದಿದ್ದರೆ ಒಳಗಿನಿಂದ ಅಡ್ಡ ಇಡಲು ಹಳೆ ಟೈರ್‌ನಿಂದ ಕತ್ತರಿಸಿದ 5x7 ಸೆಂ.ಮೀ. ತುಂಡು ಜೊತೆಗಿರಲಿ. ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ದಪ್ಪ ಹಾಳೆಯೂ ಆದೀತು. ಹಾಕುವಾಗ ಹೊಸ ಟ್ಯೂಬ್‌ಗೆ ಸ್ವಲ್ಪ ಗಾಳಿ ತುಂಬಿ, ವಾಲ್‌ನ ಎದುರು ಬದಿಯಿಂದ ಟೈರ್ ಕೂರಿಸುತ್ತ ಬಂದು ವಾಲ್ ಬಳಿ ಮುಗಿಸಿ. ಕೊನೆಗೆ ವಾಲನ್ನು ಒಮ್ಮೆ ಒಳಕ್ಕೆ ತಳ್ಳಿ ಎಳೆಯಿರಿ, ಅಂಚಿನಡಿ ಸಿಕ್ಕಿದ ಟ್ಯೂಬ್ ಸಡಿಲವಾಗುತ್ತದೆ. ಈ ಕೆಲಸಕ್ಕೆ ನಿಲ್ಲುವಾಗ ಹುಲ್ಲಿನ ಅಂಚು ಬಿಟ್ಟು ಬಸ್ ತಂಗುದಾಣವೋ ಸೇತುವೆಯ ಕಟ್ಟೆಯೋ ನೋಡಿಕೊಳ್ಳಿ, ಇಂಬಳದ ಕಾಟ ಕಡಿಮೆ.

ಟೈರ್ ಲಿವರ್ ಪ್ಲಾಸ್ಟಿಕ್‌ನದೇ ಇರಲಿ, ಎರಡು, ಅಗಲ ಬಾಯಿಯವು. ಸ್ಕ್ರೂ ಡ್ರೈವರ್‌ನಿಂದ ಟೈರ್ ಎಬ್ಬಿಸುವುದು ಎರಡನೇ ಪಂಕ್ಚರ್‌ಗೆ ಕೊಡುವ ಆಹ್ವಾನ.

ಈಗ ಮಲ್ಟಿಟೂಲ್. ಎಷ್ಟು ಉಪಕರಣ ಎಂದು ಎಣಿಸಬೇಡಿ, ನಿಮ್ಮ ಸೈಕಲ್‌ನ ಬೋಲ್ಟ್‌ಗಳನ್ನು ಎಣಿಸಿ. 4, 5, 6 ಎಂಎಂ ಅಲೆನ್ ಕೀ ಮುಕ್ಕಾಲು ಕೆಲಸ ಮಾಡುತ್ತವೆ. ಗೇರ್ ಸರಿಪಡಿಸಲು 2.5 ಅಥವಾ 3 ಎಂಎಂ, ಇಲ್ಲವೇ ಸ್ಟಾರ್ ಸ್ಕ್ರೂ ಡ್ರೈವರ್. ಡಿಸ್ಕ್ ಬ್ರೇಕಿನ ತಟ್ಟೆಗೆ (ರೋಟರ್) ಆರು ಮೂಲೆಯ ನಕ್ಷತ್ರದ ತುದಿಯ ಟಿ25 ಕೀ. ಚೈನ್ ಕಟರ್ ಕಡ್ಡಾಯ. ಕ್ರ್ಯಾಂಕ್‌ಬ್ರದರ್ಸ್‌ನ ಎಂ19ರಲ್ಲಿ ಇದೆಲ್ಲ ಇದೆ, ಸ್ಪೋಕ್ ಬಿಗಿಸುವ ಸ್ಪೋಕ್ ಕೀ ಕೂಡ. ತೂಕ 175 ಗ್ರಾಂ. ಅದರ ದೌರ್ಬಲ್ಯ ಮಲ್ಟಿಟೂಲ್‌ಗಳೆಲ್ಲದರ ದೌರ್ಬಲ್ಯವೇ: ಕೀ ಗಿಡ್ಡ, ದೇಹ ದಪ್ಪ, ಬಾಟಲ್ ಸ್ಟ್ಯಾಂಡ್‌ನ ಬೋಲ್ಟ್ ತಿರುಗಿಸುವಾಗ ಫ್ರೇಮ್‌ಗೆ ತಾಗುತ್ತದೆ. ಸ್ಪೋಕ್ ಕೀ ಅಳತೆ ಸರಿಯಿಲ್ಲದಿದ್ದರೆ ನಿಪ್ಪಲ್‌ನ (ಸ್ಪೋಕ್ ತುದಿಯ ನಟ್) ಅಂಚು ಸವೆದು ಗುಂಡಗಾಗುತ್ತದೆ, 3.23, 3.30, 3.45 ಎಂಎಂಗಳಲ್ಲಿ ನಿಮ್ಮದು ಯಾವುದೆಂದು ಮೊದಲೇ ಹಾಕಿ ನೋಡಿ.

ಚೈನ್ ತುಂಡಾಗುವುದು ಏರಿನಲ್ಲಿ, ಪೂರ್ತಿ ಬಲ ಹಾಕಿ ಪೆಡಲ್ ತುಳಿಯುತ್ತಲೇ ಗೇರ್ ಬದಲಿಸಿದಾಗ. ಆಗ ಕೈಯಲ್ಲೇ ಜೋಡಿಸುವ ಚೈನ್ ಕೊಂಡಿ, ಅಂದರೆ ಕ್ವಿಕ್ ಲಿಂಕ್ ಬೇಕು, ಮತ್ತು ಅದು ನಿಮ್ಮ ಸ್ಪೀಡ್‌ನದೇ ಆಗಿರಬೇಕು: ಹಿಂದೆ 6ರಿಂದ 8 ಗೇರ್ ಇದ್ದರೆ 7.1 ಎಂಎಂ ಅಗಲದ ಚೈನಿನದು, 9ಕ್ಕೆ 6.6, 10ಕ್ಕೆ 5.9. ಅಂಗಡಿಗಳಲ್ಲಿ "21 ಸ್ಪೀಡ್" ಎಂದು ಮಾರುವ ಸೈಕಲ್‌ಗೆ ಹಿಂದಿನ 7 ಗೇರ್‌ನ ಲೆಕ್ಕ. ಹೊರಪಟ್ಟಿ ಹರಿದಿದ್ದರೆ ಕಟರ್‌ನಿಂದ ಆ ಹೊರಪಟ್ಟಿ ಜೋಡಿಯನ್ನಷ್ಟೇ ತೆಗೆಯಿರಿ. ಎರಡೂ ತುದಿಯಲ್ಲಿ ಒಳಪಟ್ಟಿ ಉಳಿಯುತ್ತದೆ, ಅದರ ನಡುವೆ ಕ್ವಿಕ್ ಲಿಂಕ್ ಕೂರುತ್ತದೆ, ಉದ್ದ ಬದಲಾಗದು. ಒಳಪಟ್ಟಿ ಕೆಟ್ಟಿದ್ದರೆ ಒಂದು ಇಂಚು ಚೈನ್ ಹೋಗುತ್ತದೆ, ಆಮೇಲೆ ಮುಂದೆ ದೊಡ್ಡದು ಹಿಂದೆ ದೊಡ್ಡದು ಎಂಬ ಗೇರ್ ಹಾಕಬೇಡಿ, ಗೇರ್ ಬದಲಿಸುವ ಹಿಂದಿನ ಡಿರೇಲರ್ ಮುರಿಯುತ್ತದೆ. ಲಿಂಕ್ ಮೇಲಿನ ಎಳೆಗೆ ಬರುವಂತೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ಟಕ್ ಎಂದು ಕೂರುತ್ತದೆ.

ಗೇರ್ ಇಲ್ಲದ ಹೀರೋ, ಅಟ್ಲಾಸ್ ಮಾದರಿಯ ಸೈಕಲ್‌ಗೆ ಲೆಕ್ಕ ಬೇರೆ, ಮಲ್ಟಿಟೂಲ್ ಬಹುಮಟ್ಟಿಗೆ ನಿರುಪಯೋಗಿ. ಬೇಕಾದ್ದು ಹಬ್ ನಟ್‌ಗೆ ಸರಿಯಾಗಿ ಕೂರುವ ರಿಂಗ್ ಪಾನಾ, ಸಾಮಾನ್ಯವಾಗಿ 15 ಎಂಎಂ, ಕೆಲವಕ್ಕೆ 14. ಎರಡು ತುದಿ ಉಬ್ಬಿದ, ಹತ್ತು ಅಳತೆಯ ತಗಡಿನ ಪಾನಾ ನಟ್‌ನ ಮೂಲೆ ಸವೆಸುತ್ತದೆ, ಬೇಡ. ಚೈನ್ ಕವರ್ ಇರುವ ಹಿಂದಿನ ಚಕ್ರ ಬಿಚ್ಚುವುದು ದೊಡ್ಡ ಕೆಲಸವಾದ್ದರಿಂದ ಇಲ್ಲಿ ಟ್ಯೂಬ್ ಬದಲಿಸುವ ಬದಲು ಪ್ಯಾಚೇ ಜಾಣತನ: ಚೈನ್ ಇಲ್ಲದ ಎಡಬದಿಯಲ್ಲಿ ಟೈರ್ ಅಂಚು ಎಬ್ಬಿಸಿ, ತೂತಿರುವ ಭಾಗದ ಟ್ಯೂಬ್ ಮಾತ್ರ ಹೊರಗೆಳೆದು ಪ್ಯಾಚ್ ಹಾಕಿ. ಹಳೆ ಮಾದರಿಯ ಡನ್‌ಲಪ್ ವಾಲ್ ಆಗಿದ್ದರೆ ಒಂದು ಗೇಣು ವಾಲ್ ಟ್ಯೂಬ್ ಜೊತೆಗಿಡಿ. ಪಂಕ್ಚರ್ ಎಂದು ಬಿಚ್ಚಿದ ಎಷ್ಟೋ ಚಕ್ರಗಳಲ್ಲಿ ಕೆಟ್ಟಿರುವುದು ಆ ಸಣ್ಣ ರಬ್ಬರ್ ಕೊಳವೆ ಮಾತ್ರ. ವಾಲ್ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಮೊದಲು ನೋಡಿ.

ಡಿಸ್ಕ್ ಬ್ರೇಕ್‌ನವರು ಮಳೆಗಾಲದಲ್ಲಿ ಒಂದು ಜೊತೆ ಪ್ಯಾಡ್ ಇಟ್ಟುಕೊಳ್ಳಿ. ಕೆಂಪು ಕೆಸರು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ, ಮೆತ್ತನೆಯ ರೆಸಿನ್ ಪ್ಯಾಡ್ ಆಗುಂಬೆಯ 14 ತಿರುವು ಇಳಿಯುವಷ್ಟರಲ್ಲಿ ಕಣ್ಣಿಗೆ ಕಾಣುವಷ್ಟು ಸವೆದೀತು. ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಹೆಚ್ಚು ತಾಳುತ್ತದೆ. ಚಕ್ರ ತೆಗೆದಿರುವಾಗ ಹೈಡ್ರಾಲಿಕ್ ಬ್ರೇಕ್ ಲಿವರ್ ಮಾತ್ರ ಒತ್ತಬೇಡಿ, ಪಿಸ್ಟನ್ ಹೊರಬಂದು ಪ್ಯಾಡ್ ಮುಚ್ಚಿಕೊಳ್ಳುತ್ತದೆ. ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ಹ್ಯಾಂಗರ್ ಒಂದೊಂದು ಫ್ರೇಮ್‌ಗೆ ಒಂದೊಂದು ಆಕಾರ. ಬೇಕೆಂದ ದಿನ ಹತ್ತಿರದ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಮೊದಲೇ ತರಿಸಿ ಚೀಲದ ತಳಕ್ಕೆ ಹಾಕಿಡಿ.

ಈ ಊರಿನ ಮಳೆಗೆ ಒಂದು ತಿಂಗಳು ಚೀಲ ತೆರೆಯದಿದ್ದರೆ ಮಲ್ಟಿಟೂಲ್ ತುಕ್ಕು ಹಿಡಿದು ಬಿಚ್ಚುವುದೇ ಇಲ್ಲ. ಮಶೀನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಜಿಪ್ ಕವರ್‌ನಲ್ಲಿ ಇಡಿ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡುಗಟ್ಟುತ್ತದೆ. ಟ್ಯೂಬ್‌ಗೆ ಪೌಡರ್ ಉದುರಿಸಿ ಹಳೆ ಕಾಲುಚೀಲದೊಳಗೆ ತುರುಕಿ, ಲಿವರ್‌ನ ಚೂಪು ತಾಗಿ ಬಳಸುವ ಮೊದಲೇ ತೂತಾಗುವುದು ತಪ್ಪುತ್ತದೆ. ಹೊರಡುವ ಹಿಂದಿನ ದಿನ, ಚೀಲದಲ್ಲಿರುವ ಪಾನಾದಿಂದಲೇ ಹಬ್ ನಟ್ ಒಮ್ಮೆ ಬಿಚ್ಚಿ ಹಾಕಿ. ಅಂಗಡಿಯವರು ಮಾರುದ್ದದ ಪಾನಾದಲ್ಲಿ ಬಿಗಿದ ನಟ್ ನಿಮ್ಮ ಗಿಡ್ಡ ಪಾನಾಕ್ಕೆ ಬಗ್ಗದಿದ್ದರೆ ಅದು ಮನೆಯಂಗಳದಲ್ಲೇ ಗೊತ್ತಾಗಲಿ.