ಹಳೇ ಎಂಜಿಬಿಗೆ ಸೂಪರ್‌ಚಾರ್ಜರ್: ನಾಲ್ಕು ವರ್ಷ, 22 ಸಾವಿರ ಕಿಲೋಮೀಟರ್ ಆದಮೇಲೆ

ನನ್ನದು 1970ರ ಎಂಜಿಬಿ ಜಿಟಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಬಿ-ಸೀರೀಸ್ ಎಂಜಿನ್, ಐದು ಮೇನ್ ಬೇರಿಂಗ್, 8.8 ಕಂಪ್ರೆಷನ್ (ಅಂದರೆ ಪಿಸ್ಟನ್ ಒಳಗಿನ ಮಿಶ್ರಣವನ್ನು 8.8ರಲ್ಲಿ ಒಂದು ಪಾಲಿಗೆ ಒತ್ತುತ್ತದೆ), ಎರಡು ಎಸ್‌ಯು ಕಾರ್ಬ್ಯುರೇಟರ್. ಹೊಸದಿದ್ದಾಗ 95 ಕುದುರೆ ಶಕ್ತಿ ಎಂದು ಕಂಪನಿ ಹೇಳುತ್ತಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಕಾಲು ಭಾಗ ಕುದುರೆಗಳು ಲಾಯ ಬಿಟ್ಟು ಓಡಿಹೋದ ಹಾಗಿತ್ತು. ಏರು ಬಂತು ಅಂದರೆ ಮೂರನೇ ಗೇರು, ಇನ್ನೂ ಏರಿದರೆ ಎರಡನೇದು, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ.

ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬಿಸುವ ಪಂಪ್ ಹಾಕಬೇಕು ಅನ್ನಿಸಿತು. ಎಕ್ಸಾಸ್ಟ್ ಹೊಗೆಯಿಂದ ತಿರುಗುವ ಪಂಪ್, ಅಂದರೆ ಟರ್ಬೊ ಹಾಕೋಣ ಅಂತಲೇ ಮೊದಲು ಹೊರಟಿದ್ದು. ಬಾನೆಟ್ ಎತ್ತಿ ನಿಂತು ಯೋಚಿಸಿದ ಮೇಲೆ ಬಿಟ್ಟೆ. ಈ ಎಂಜಿನ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಿಗಿವೆ. ಕೆಂಡದ ಹಾಗೆ ಕಾಯುವ ಟರ್ಬೊವನ್ನು ಪೆಟ್ರೋಲ್ ತುಂಬಿದ ಕಾರ್ಬ್ಯುರೇಟರ್ ಪಕ್ಕದಲ್ಲೇ ಕೂರಿಸಬೇಕು, ಅದಕ್ಕೆ ಆಯಿಲ್ ಹೋಗುವ ಪೈಪು, ವಾಪಸ್ ಬರುವ ಪೈಪು ಬೇರೆ. ಅದೇ ಕೆಲಸವನ್ನು ಎಂಜಿನ್‌ನ ಬೆಲ್ಟ್‌ನಲ್ಲಿ ತಿರುಗಿ ಮಾಡುವ ಸೂಪರ್‌ಚಾರ್ಜರ್‌ಗೆ ಇದ್ಯಾವ ರಗಳೆಯೂ ಇಲ್ಲ. ಹಾಗಾಗಿ ಈಟನ್ ಎಂ45 ಸೂಪರ್‌ಚಾರ್ಜರ್ ಇರುವ ಒಂದು ಕಿಟ್ ತರಿಸಿದೆ. ಎರಡು ಕಾರ್ಬ್ಯುರೇಟರ್ ತೆಗೆದು, ಒಂದೇ ಒಂದು ಎಸ್‌ಯು ಎಚ್‌ಐಎಫ್44 ಹಾಕಬೇಕು. ಗಾಳಿ, ಪೆಟ್ರೋಲ್ ಎರಡೂ ಕಾರ್ಬ್ಯುರೇಟರ್‌ನಲ್ಲೇ ಬೆರೆತು, ಆಮೇಲೆ ಸೂಪರ್‌ಚಾರ್ಜರ್ ಒಳಗೆ ಹೋಗುತ್ತವೆ. ಇದಕ್ಕೆ ಡ್ರಾ-ಥ್ರೂ ಅಂತಾರೆ.

ಲೆಕ್ಕ ಸುಲಭ. 1.8 ಲೀಟರ್ ಎಂಜಿನ್ ಒಂದು ಸುತ್ತಿಗೆ 0.9 ಲೀಟರ್ ಎಳೆದುಕೊಳ್ಳುತ್ತದೆ. ಎಂ45 ತನ್ನ ಒಂದು ಸುತ್ತಿಗೆ ಸುಮಾರು 0.74 ಲೀಟರ್ ತಳ್ಳುತ್ತದೆ, ಅದೂ ಎಂಜಿನ್‌ಗಿಂತ ಜೋರಾಗಿ ತಿರುಗುತ್ತದೆ. ಎಂಜಿನ್ ಕೇಳಿದ್ದಕ್ಕಿಂತ ಜಾಸ್ತಿ ಬಂದಿದ್ದು ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ, ಒತ್ತಡವಾಗಿ ನಿಲ್ಲುತ್ತದೆ. ಇದಕ್ಕೇ ಬೂಸ್ಟ್ ಅನ್ನೋದು. ನನ್ನ ಗೇಜ್‌ನಲ್ಲಿ ಅದು 6 ಪಿಎಸ್‌ಐ ತೋರಿಸುತ್ತದೆ. 6 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಹೊರಗಿನ ಗಾಳಿಯದೇ 14.7 ಇದೆಯಲ್ಲ, ಅದರ ಮೇಲೆ ಇನ್ನು ಆರು. 8.8 ಕಂಪ್ರೆಷನ್ ಲೆಕ್ಕದಲ್ಲಿ 12.4ರ ಹತ್ತಿರ ಹೋಗಿ ನಿಲ್ಲುತ್ತದೆ. ಕಾರ್ಬ್ಯುರೇಟರ್ ಕಾಲದ ಕಬ್ಬಿಣದ ಹೆಡ್‌ಗೆ ಇದು ತಮಾಷೆಯ ಮಾತಲ್ಲ.

ಮೊದಲು ಖುಷಿಯ ವಿಷಯ ಹೇಳಿಬಿಡ್ತೀನಿ. ಓಡಿಸೋದಕ್ಕೆ ಇದು ಬೇರೆಯೇ ಕಾರು. ಟರ್ಬೊ ಥರ ಕಾಯಿಸಿ ಆಮೇಲೆ ಒದೆಯುವುದಿಲ್ಲ, 1800 ಆರ್‌ಪಿಎಂನಿಂದಲೇ ಬೆನ್ನಿಗೆ ಕೈ ಇಟ್ಟು ತಳ್ಳಿದ ಹಾಗೆ ಹೋಗುತ್ತದೆ. ಅದೇ ಏರನ್ನು ಈಗ ನಾಲ್ಕನೇ ಗೇರಿನಲ್ಲಿ, ಹಿಂದೆ ಕೂತವರ ಜೊತೆ ಮಾತಾಡುತ್ತಾ ಹತ್ತುತ್ತೇನೆ. ಮೆಲ್ಲಗೆ ಹೋಗುವಾಗ ಸದ್ದೂ ಇಲ್ಲ. ಪೂರ್ತಿ ತುಳಿದಾಗ ಮಾತ್ರ ಒಂದು ಸಣ್ಣ ಸಿಳ್ಳೆ.

ಜೋಡಿಸೋದು ಮೂರು ವಾರಾಂತ್ಯದ ಕೆಲಸ. ಕಿಟ್‌ನ ಬ್ರಾಕೆಟ್ ಒಂದು ಮಿಲಿಮೀಟರ್‌ನಷ್ಟು ವಾರೆ ಇತ್ತು. ಅದು ನನಗೆ ಗೊತ್ತಾಗಿದ್ದು ಎರಡು ಬೆಲ್ಟ್ ಅಂಚು ಸವೆದು ನೂಲು ನೂಲಾದ ಮೇಲೆ. ಪುಲ್ಲಿಗಳ ಮುಖಕ್ಕೆ ನೇರವಾದ ಕಬ್ಬಿಣದ ಪಟ್ಟಿ ಹಿಡಿದು ನೋಡಿದೆ, ಒಂದು ಕಡೆ ಬೆಳಕು ಕಾಣಿಸಿತು. ತೆಳು ವಾಷರ್ ಕೊಟ್ಟೆ. ಮೂರನೇ ಬೆಲ್ಟ್ ಇವತ್ತಿಗೂ ಇದೆ.

ಈಗ ನಿಜವಾಗಿ ಹೇಳಬೇಕಾದ ಕಥೆ. ಏಳನೇ ತಿಂಗಳಲ್ಲಿ, ಒಂದು ಉದ್ದನೆಯ ಏರಿನಲ್ಲಿ, ಡಬ್ಬದಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಎಂಜಿನ್‌ನಿಂದ ಸದ್ದು ಬಂತು. ಎರಡು ಸೆಕೆಂಡು ಅಷ್ಟೇ. ಕಾಲು ತೆಗೆದೆ, ನಿಂತಿತು. ಸುಮ್ನೆ ಭ್ರಮೆ ಅಂದುಕೊಂಡೆ. ಮನೆಗೆ ಬಂದು ಪ್ಲಗ್ ಬಿಚ್ಚಿದೆ. ಮೂರನೇ ಸಿಲಿಂಡರ್‌ನ ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು. ಲೆನ್ಸ್ ಹಿಡಿದು ನೋಡಿದರೆ ಬೆಳ್ಳಿ ಬಣ್ಣ. ಅದು ಪಿಸ್ಟನ್‌ನ ಅಲ್ಯೂಮಿನಿಯಂ! ಕೈ ತಣ್ಣಗಾಯಿತು.

ನಾಕಿಂಗ್ ಅಂದರೆ ಇದೇ. ಕಿಡಿ ಹಚ್ಚಿದ ಬೆಂಕಿ ಪೂರ್ತಿ ಹರಡುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತಾನೇ ಸಿಡಿಯುತ್ತದೆ. ಬೂಸ್ಟ್ ಇಲ್ಲದಾಗ ಇದನ್ನು ಈ ಎಂಜಿನ್ ಸ್ವಲ್ಪ ಹೊತ್ತು ತಡೆದುಕೊಂಡೀತು. ಬೂಸ್ಟ್ ಇದ್ದಾಗ ತಡೆಯುವುದಿಲ್ಲ, ಅದರಲ್ಲೂ ಎರಡು ಮತ್ತು ಮೂರನೇ ಸಿಲಿಂಡರ್‌ಗಳ ಎಕ್ಸಾಸ್ಟ್ ಒಂದೇ ಬಾಯಿಯಲ್ಲಿ ಹೊರಗೆ ಹೋಗುವುದರಿಂದ ಮಧ್ಯದ ಜಾಗ ಮೊದಲೇ ಕಾದಿರುತ್ತದೆ.

ಕಿಟ್‌ನವರಿಗೆ ನಾಲ್ಕು ಮಾತು ಬೈದುಕೊಂಡೆ. ಆದರೆ ತಪ್ಪು ಕಿಟ್‌ದಲ್ಲ. ಕಿಡಿ ಯಾವಾಗ ಹಾರುತ್ತದೆ ಎಂದು ತೋರಿಸುವ ಟೈಮಿಂಗ್ ಲೈಟ್ ಹಿಡಿದರೆ ಐಡಲ್‌ನಲ್ಲಿ ಎಲ್ಲ ಸರಿ ಇತ್ತು. ನಾನು ಯಾವಾಗಲೂ ಅಷ್ಟೇ ನೋಡಿ ಬಾನೆಟ್ ಮುಚ್ಚುತ್ತಿದ್ದೆ. ಈ ಸಲ ಗೆಳೆಯನನ್ನು ಆಕ್ಸಿಲರೇಟರ್ ಮೇಲೆ ಕೂರಿಸಿ 3500ಕ್ಕೆ ಏರಿಸಿ ನೋಡಿದೆ. ಪಿಸ್ಟನ್ ಮೇಲೆ ಬರುವ ಎಷ್ಟು ಮೊದಲೇ ಕಿಡಿ ಹಾರುತ್ತದೆ ಅನ್ನೋದೇ ಅಡ್ವಾನ್ಸ್. ನಾನು 26 ಡಿಗ್ರಿ ಮೀರಬಾರದು ಅಂತ ಇಟ್ಟುಕೊಂಡಿದ್ದ ಅದು 33ಕ್ಕೆ ಹೋಗಿತ್ತು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿದರೆ ಒಳಗಿನ ಎರಡು ಪುಟ್ಟ ಸ್ಪ್ರಿಂಗ್‌ಗಳಲ್ಲಿ ಒಂದು ಹಳೇ ಚಡ್ಡಿಯ ಎಲಾಸ್ಟಿಕ್ ಥರ ಜೋತಾಡುತ್ತಿತ್ತು, ಅಡ್ವಾನ್ಸ್ ಮಿತಿ ಮೀರದಂತೆ ತಡೆಯುವ ತುದಿಯೂ ಸವೆದಿತ್ತು. ಬೂಸ್ಟ್ ಇಲ್ಲದ ದಿನಗಳಲ್ಲಿ ಅದನ್ನು ಎಂಜಿನ್ ಹೇಗೋ ನುಂಗಿಕೊಂಡು ಬಂದಿತ್ತು. ಈಗ ನುಂಗಲಿಲ್ಲ, ಅಷ್ಟೇ.

ಡಿಸ್ಟ್ರಿಬ್ಯೂಟರ್ ಬದಲಾಯಿಸಿ, ಎಂಜಿನ್ ವೇಗಕ್ಕೆ ತಕ್ಕ ಅಡ್ವಾನ್ಸ್ (ಕರ್ವ್) ಹೊಂದಿಸಿದ್ದನ್ನು ಹಾಕಿದೆ. ಪ್ಲಗ್ ಒಂದು ಮೆಟ್ಟಿಲು ತಣ್ಣಗಿನದು, ಬಿಪಿ6ಇಎಸ್ ಬದಲು ಬಿಪಿ7ಇಎಸ್. ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಎಸ್‌ಯು ಸೂಜಿ ಬದಲಾಯಿಸಿ, ಎಕ್ಸಾಸ್ಟ್‌ಗೆ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ, ಬೂಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಗಾಳಿ 12 ಪಾಲಿಗಿಂತ ಮೇಲೆ ಹೋಗದ ಹಾಗೆ ನೋಡಿಕೊಂಡೆ. ನಿಜ ಹೇಳಬೇಕೆಂದರೆ ಈ ಸೆನ್ಸರ್ ಮೊದಲ ದಿನವೇ ಹಾಕಬೇಕಿತ್ತು, ಬೂಸ್ಟ್ ಗೇಜ್ ನೋಡಿ ಖುಷಿಪಡೋದಕ್ಕಿಂತ ಇದು ಮುಖ್ಯ. ಸಣ್ಣ ಕ್ಯಾಮೆರಾ ಇರುವ ಬೋರೋಸ್ಕೋಪ್ ಇಳಿಸಿ ನೋಡಿದಾಗ ಪಿಸ್ಟನ್ ಅಂಚಿನಲ್ಲಿ ಉಪ್ಪು ಕಾಗದದಿಂದ ಉಜ್ಜಿದ ಹಾಗೆ ಸ್ವಲ್ಪ ಒರಟು, ತೂತು ಇಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಸರಿ. ಬದುಕಿದೆ.

ಇದು ನನ್ನೊಬ್ಬನ ಪಾಡಲ್ಲ, ಕಂಪನಿಗಳೇ ಇದರ ಕೈಗೆ ಸಿಕ್ಕಿಹಾಕಿಕೊಂಡಿವೆ. 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅಂತ ಟರ್ಬೊ ಕಾರು ಬಂತು. 10.25 ಕಂಪ್ರೆಷನ್ ಮೇಲೆ ಟರ್ಬೊ! ನಾಕಿಂಗ್ ತಡೆಯೋದಕ್ಕೆ ನೀರು, ಮೆಥನಾಲ್ ಬೆರೆಸಿದ ದ್ರವ ಒಳಗೆ ಚಿಮ್ಮಿಸುತ್ತಿದ್ದರು. ಅದಕ್ಕೆ ಟರ್ಬೊ ರಾಕೆಟ್ ಫ್ಲೂಯಿಡ್ ಅಂತ ಹೆಸರು. ಮಾಲೀಕರು ಅದನ್ನು ತುಂಬಿಸೋದು ಮರೆಯುತ್ತಿದ್ದರು. ಎರಡೇ ವರ್ಷಕ್ಕೆ ಕಾರು ನಿಂತುಹೋಯಿತು.

ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಹಾಕಬಹುದಲ್ವಾ ಅಂತ ಕೇಳುತ್ತಾರೆ. ಡ್ರಾ-ಥ್ರೂನಲ್ಲಿ ಆ ಆಸೆ ಬೇಡ. ಹೋಗುತ್ತಿರುವುದು ಬರೀ ಗಾಳಿಯಲ್ಲ, ಪೆಟ್ರೋಲ್ ಬೆರೆತ ಗಾಳಿ. ತಣ್ಣನೆಯ ಕೂಲರ್‌ನಲ್ಲಿ ಪೆಟ್ರೋಲ್ ಹನಿಗಟ್ಟಿ ಕೂರುತ್ತದೆ, ಒಂದು ಬ್ಯಾಕ್‌ಫೈರ್ ಸಾಕು ಪಟಾಕಿಗೆ. ಸಮಾಧಾನ ಏನೆಂದರೆ ಪೆಟ್ರೋಲ್ ಆವಿಯಾಗುವಾಗ ತಾನೇ ಸ್ವಲ್ಪ ತಂಪು ಮಾಡುತ್ತದೆ. ಕಡಿಮೆ ಬೂಸ್ಟ್‌ಗೆ ಅದು ಸಾಕು.

ಉಳಿದ ತಂಟೆಗಳು ಚಿಕ್ಕವು. ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮುನಿಸಿಕೊಳ್ಳುತ್ತದೆ, ಸೆಲ್ಫ್ ಜಾಸ್ತಿ ಹೊತ್ತು ತಿರುಗಿಸಬೇಕು. ಟ್ರಾಫಿಕ್‌ಗೆ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು. ಮೈಲೇಜ್ 11ರಿಂದ 9ಕ್ಕೆ ಇಳಿದಿದೆ, ಅದರಲ್ಲಿ ಅರ್ಧ ನನ್ನ ಬಲಗಾಲಿನ ತಪ್ಪು. ಎರಡನೇ ವರ್ಷ ಕ್ಲಚ್ ಜಾರತೊಡಗಿತು, ಬದಲಾಯಿಸಿದೆ. ಪೂರ್ತಿ ತುಳಿದಾಗ ಓವರ್‌ಡ್ರೈವ್ (ನಾಲ್ಕನೇ ಗೇರಿನ ಮೇಲಿನ ಹೆಚ್ಚುವರಿ ಗೇರು) ಹಾಕುವುದನ್ನು ಬಿಟ್ಟಿದ್ದೇನೆ.

ಯಾರಿಗೆ ಬೇಡ? ಆಯಿಲ್ ಕುಡಿಯುವ, ಕಂಪ್ರೆಷನ್ ಬಿದ್ದುಹೋದ ಎಂಜಿನ್‌ಗೆ ಇದರಿಂದ ಜೀವ ಬರುತ್ತದೆ ಅಂದುಕೊಂಡವರಿಗೆ ಬೇಡ. ಕಾಯಿಲೆ ಇರುವವನ ತಲೆ ಮೇಲೆ ಮೂಟೆ ಹೊರಿಸಿದ ಹಾಗಾಗುತ್ತದೆ. ಮೊದಲು ಕಂಪ್ರೆಷನ್ ನೋಡಿ, ರೇಡಿಯೇಟರ್ ನೋಡಿ, ಡಿಸ್ಟ್ರಿಬ್ಯೂಟರ್ ಬಿಚ್ಚಿಯೇ ನೋಡಿ. ಅಲ್ಲಿ ಖರ್ಚಾಗಿ ದುಡ್ಡು ಉಳಿದರೆ ಕಿಟ್. ನಾನು ಉಲ್ಟಾ ಮಾಡಿದೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಹೋಗಿದ್ದು ವಾರೆ ಬ್ರಾಕೆಟ್‌ಗೆ, ಮತ್ತೆ ಡಿಸ್ಟ್ರಿಬ್ಯೂಟರ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದ ಆ ಕೈಪಿಡಿಗೆ. ಆಕ್ಸಿಲರೇಟರ್ ಮೇಲೆ ಕೂತಿದ್ದ ಗೆಳೆಯ ಇನ್ನೂ ಸಣ್ಣ ಪುಲ್ಲಿ ಹಾಕು, 9 ಪಿಎಸ್‌ಐ ಬರುತ್ತೆ ಅಂತ ಪೀಡಿಸುತ್ತಲೇ ಇದ್ದಾನೆ. ಹುಟ್ಟುಹಬ್ಬಕ್ಕೆ ಆ ಪುಲ್ಲಿಯನ್ನು ತಂದೂ ಕೊಟ್ಟ. ಟೂಲ್ ಬಾಕ್ಸ್‌ನ ಕೆಳಗಿನ ಖಾನೆಯಲ್ಲಿದೆ, ಆ ಚುಕ್ಕೆ ಬಿದ್ದ ಪ್ಲಗ್ ಪಕ್ಕದಲ್ಲೇ.