ಕರಾವಳಿ ಸೆಖೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಿಂಗ್: ಡಿ'ಅಡ್ಡಾರಿಯೊ ಇಎಕ್ಸ್‌ಎಲ್110 ಬಳಸಿದ ಮೇಲೆ

ಮಂಗಳೂರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಕೆಲವು ವರ್ಷಗಳಿಂದ ಜಾಸ್ತಿ ಹಾಕುತ್ತಿರುವುದು ಇದೇ 10-46 ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದ 10 ಭಾಗ, ಅತಿ ದಪ್ಪದ್ದು 46). ದಪ್ಪ ತಂತಿಗಳ ಸುತ್ತು, ಅಂದರೆ ಒಳತಂತಿಯ ಮೇಲೆ ಸುತ್ತಿದ ತಂತಿ, ಉಕ್ಕಿನದು; ಅದರ ಮೇಲೆ ನಿಕಲ್ ಲೇಪ. ಕ್ಲೀನ್ ಟೋನ್ ಸ್ಪಷ್ಟವಾಗಿರುತ್ತದೆ, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಕೊಟ್ಟರೂ ಕಿವಿಗೆ ಚುಚ್ಚುವುದಿಲ್ಲ. ಹಳೇ ಸಿನಿಮಾ ಹಾಡಿಗೂ ಸೈ, ರಾಕ್‌ಗೂ ಸೈ.

ನನಗೆ ತುಂಬಾ ಇಷ್ಟವಾಗಿದ್ದು ತಂತಿಯ ತುದಿಯ ಗುಂಡಿನ ಬಣ್ಣ. ದಪ್ಪ ಇ ಹಿತ್ತಾಳೆ, ಎ ಕೆಂಪು, ಡಿ ಕಪ್ಪು, ಜಿ ಹಸಿರು, ಬಿ ನೇರಳೆ, ತೆಳು ಇ ಬೆಳ್ಳಿ. ಕಾರ್ಯಕ್ರಮದ ಮಧ್ಯೆ ತಂತಿ ತುಂಡಾದರೆ ಹುಡುಕಾಡಬೇಕಿಲ್ಲ.

ನಿಕಲ್ಲಾ, ಸ್ಟೇನ್‌ಲೆಸ್ಸಾ ಅಂತ ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. ಸಾಮಾನ್ಯ ಸೆಟ್‌ಗಳಲ್ಲಿ ಆ ವ್ಯತ್ಯಾಸ ಇರುವುದು ಸುತ್ತು ಇರುವ ದಪ್ಪ ಮೂರು ತಂತಿಗಳಲ್ಲಿ. ತೆಳು ಮೂರು ಹೆಚ್ಚಿನ ಸೆಟ್‌ಗಳಲ್ಲಿ ಬರೀ ಉಕ್ಕು. ನಮ್ಮೂರ ಬೆವರಿಗೆ ಮೊದಲು ತುಕ್ಕು ಹಿಡಿಯುವುದೂ ಅವೇ! ಮಳೆಗಾಲದಲ್ಲಿ ಕೇಸ್ ತೆರೆದು ತೆಳು ಇ ಮೇಲೆ ಬೆರಳು ಎಳೆದರೆ ಗರಗರ ಅನ್ನುತ್ತದೆ. ಹಾಗಾಗಿ ಇಲ್ಲಿಯವರು ಮೊದಲು ಕೇಳಬೇಕಾದ್ದು ಕೋಟಿಂಗ್ (ತುಕ್ಕು ತಡೆಯುವ ತೆಳು ಹೊದಿಕೆ) ಇದೆಯಾ, ಅದು ತೆಳು ತಂತಿಗಳಿಗೂ ಇದೆಯಾ ಅಂತ. ಅಂಥ ಸೆಟ್‌ಗೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ. ಜೂನ್ ಬಂತೆಂದರೆ ನಾನೂ ಅದಕ್ಕೇ ಹೋಗುತ್ತೇನೆ. ಉಳಿದ ತಿಂಗಳು ಕೋಟಿಂಗ್ ಇಲ್ಲದ ಈ ಇಎಕ್ಸ್‌ಎಲ್110 ಸಾಕು, ನುಡಿಸಿ ಮುಗಿಸಿದ ಕೂಡಲೇ ಬಟ್ಟೆಯಿಂದ ಒರೆಸಬೇಕು ಅಷ್ಟೆ.

ಸ್ಟೇನ್‌ಲೆಸ್ ಸುತ್ತು ಬೆವರಿಗೆ ಬಗ್ಗುವುದಿಲ್ಲ, ನಾದವೂ ಚುರುಕು. ಆದರೆ ಗಡಸು ಲೋಹ, ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬೇಗ ಸವೆಯುತ್ತದೆ. ಬ್ಲೂಸ್ ಹುಚ್ಚಿದ್ದರೆ ಶುದ್ಧ ನಿಕಲ್ ನೋಡಿ, ನಾದ ಮೆತ್ತಗೆ. ಜಾಝ್ ನುಡಿಸುವವರಿಗೆ ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್, ಬೆರಳು ಜಾರಿಸಿದರೂ ಕಿರ್ ಅನ್ನುವುದಿಲ್ಲ. ತಂತಿ ಎಳೆದು ಗಮಕ ತೆಗೆಯುವವರಿಗೆ 9-42 ಸಲೀಸು. ತಂತಿಯ ಉದ್ದವನ್ನೂ ಮರೆಯಬೇಡಿ: ಫೆಂಡರ್ ಕಂಪನಿಯ ಸ್ಟ್ರಾಟ್ ಗಿಟಾರ್‌ನಲ್ಲಿ 25.5 ಇಂಚು, ಗಿಬ್ಸನ್‌ನ ಲೆಸ್ ಪಾಲ್‌ನಲ್ಲಿ ಸುಮಾರು 24.75. ಅದೇ 10-46 ಲೆಸ್ ಪಾಲ್‌ನಲ್ಲಿ ಸ್ವಲ್ಪ ಸಡಿಲ ಅನ್ನಿಸುತ್ತದೆ. ಡ್ರಾಪ್ ಟ್ಯೂನಿಂಗ್‌ನಲ್ಲಿ (ದಪ್ಪ ಇ ತಂತಿಯ ಶ್ರುತಿ ಇಳಿಸಿ) ಮೆಟಲ್ ಸಂಗೀತ ಬಾರಿಸುವವರು ಇನ್ನೂ ದಪ್ಪಕ್ಕೆ ಹೋಗಲಿ.

ಅಕೌಸ್ಟಿಕ್‌ನ ಬ್ರಾಂಜ್ ಸೆಟ್ ಕೊಟ್ಟು "ಎಲ್ಲಾ ಒಂದೇ" ಅಂದರೆ ನಂಬಬೇಡಿ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ ಆಯಸ್ಕಾಂತದಿಂದ ಕೆಲಸ ಮಾಡುವಂಥದ್ದು, ಬ್ರಾಂಜ್ ಸುತ್ತಿಗೆ ಅದು ಸ್ಪಂದಿಸುವುದಿಲ್ಲ. ಸುತ್ತಿರುವ ತಂತಿಗಳ ಸದ್ದು ಸಪ್ಪೆಯಾಗುತ್ತದೆ.

ಬದಲಾಯಿಸುವುದು ಯಾವಾಗ? ತಂತಿಯ ಅಡಿಯಲ್ಲಿ ಫ್ರೆಟ್ ತಾಗುವ ಕಡೆ ಉಗುರು ಆಡಿಸಿ. ಕಚ್ಚು ಸಿಕ್ಕಿತೆಂದರೆ ಅದರ ಆಯಸ್ಸು ಮುಗಿದ ಹಾಗೆ. ಖಾಲಿ ತಂತಿಗೆ ಟ್ಯೂನರ್ ಸರಿ ಅಂದರೂ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಆಚೀಚೆ ಆಗುತ್ತದೆ.